ಬೆರಳು ತೋರಿಸಿದ್ದಕ್ಕೆ ಪಾಯಸವಾ? ಆಟಿಸಂ ಇರುವ ಮಗುವಿನ ಪುಟ್ಟ ಪ್ರಗತಿಯ ದೊಡ್ಡ ಅರ್ಥ

ಇವತ್ತಿನ ಸಂಚಿಕೆ ಆಟಿಸಂ ಬಗ್ಗೆ, ಅಂದ್ರೆ ಸ್ವಲೀನತೆಯ ಬಗ್ಗೆ. ಆದರೆ ಲಕ್ಷಣಗಳ ಪಟ್ಟಿ ಓದೋಕೆ ಹೋಗಲ್ಲ. ಒಂದೇ ಪ್ರಶ್ನೆ ಇಟ್ಕೊಂಡು ಮಾತಾಡೋಣ. ಆಟಿಸಂ ಇರುವ ಪುಟ್ಟ ಮಗುವಿನ ವಿಷಯದಲ್ಲಿ ಪ್ರಗತಿ ಅಂದ್ರೆ ಏನು? ಮನೆಯವರಿಗೆ ಹಬ್ಬದಂತೆ ಕಾಣೋದು ಹೊರಗಿನವರ ಕಣ್ಣಿಗೆ ಯಾಕೆ ಬೀಳೋದೇ ಇಲ್ಲ?

ಇದನ್ನ ನಾನು ತಾಯಿಯಾಗಿಯೂ ಹೇಳ್ತಿದ್ದೀನಿ. ನನ್ನ ಮಗನಿಗೆ ಈಗ ಮೂರೂವರೆ ವರ್ಷ. ಹೋದ ತಿಂಗಳು ಒಂದು ಬೆಳಿಗ್ಗೆ ನಮ್ಮ ಬೀದಿಗೆ ಕಸದ ಗಾಡಿ ಹಾಡು ಹಾಕ್ಕೊಂಡು ಬಂತು. ಅವನು ಕಿಟಕಿ ಹತ್ರ ನಿಂತು ತೋರುಬೆರಳು ಚಾಚಿದ. ತಿರುಗಿ ನನ್ನನ್ನ ನೋಡಿದ. ಮತ್ತೆ ಗಾಡಿ ಕಡೆ ನೋಡಿದ. ಅಷ್ಟೇ, ಮಾತೇನೂ ಇಲ್ಲ. ಅವತ್ತು ಮನೆಯಲ್ಲಿ ಶಾವಿಗೆ ಪಾಯಸ ಆಯ್ತು. ಫೋನಿನಲ್ಲಿ ವಿಷಯ ಕೇಳಿದ ನೆಂಟರೊಬ್ಬರು, “ಬೆರಳು ತೋರಿಸಿದ್ದಕ್ಕೆ ಪಾಯಸವಾ? ನಮ್ಮ ಪಾಪು ವರ್ಷ ತುಂಬೋ ಹೊತ್ತಿಗೇ ತೋರಿಸ್ತಿತ್ತಲ್ಲ” ಅಂದ್ರು.

ಅವರು ಹೇಳಿದ್ದು ಸುಳ್ಳಲ್ಲ. ಹೆಚ್ಚಿನ ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲಿ ಬೆರಳು ತೋರಿಸೋಕೆ ಶುರು ಮಾಡ್ತಾರೆ. ಯಾರೂ ಕಲಿಸಿರೋದಿಲ್ಲ, ತಾನಾಗೇ ಬರುತ್ತೆ. ಹಾಗಾಗಿ ಅದು ಎಷ್ಟು ದೊಡ್ಡ ಕೆಲಸ ಅಂತ ನಮಗೆ ಹೊಳೆಯೋದೇ ಇಲ್ಲ.

ಇಲ್ಲಿ ಎರಡು ಥರದ ತೋರಿಸುವಿಕೆ ಇದೆ. ಒಂದು, ಬೇಕು ಅಂತ ತೋರಿಸೋದು. ಮೇಲಿರೋ ಬಿಸ್ಕತ್ತಿನ ಡಬ್ಬಿ ಕಡೆ ಕೈ ಮಾಡೋದು ಈ ಥರದ್ದು. ಇನ್ನೊಂದು, ನೋಡು ಅಂತ ತೋರಿಸೋದು. ಇದರಲ್ಲಿ ಮಗುವಿಗೆ ಏನೂ ಬೇಕಾಗಿಲ್ಲ. ತನಗೆ ಕಂಡದ್ದು ಅಮ್ಮನಿಗೂ ಕಾಣಲಿ ಅನ್ನೋದಷ್ಟೇ ಆಸೆ. ಆಟಿಸಂ ಇರುವ ಅನೇಕ ಮಕ್ಕಳು ಬೇಕಾದ್ದನ್ನ ಪಡೆಯೋ ದಾರಿ ಕಂಡುಕೊಂಡಿರ್ತಾರೆ. ದೊಡ್ಡವರ ಕೈ ಹಿಡಿದು ಎಳ್ಕೊಂಡು ಹೋಗಿ, ಆ ಕೈಯನ್ನೇ ಫ್ರಿಜ್ಜಿನ ಬಾಗಿಲ ಮೇಲೆ ಇಡ್ತಾರೆ. ಆದರೆ ‘ನೋಡು’ ಅನ್ನೋ ಬೆರಳು ತಡವಾಗಿ ಬರುತ್ತೆ, ಕೆಲವರಲ್ಲಿ ಕಲಿಸಿದ ಮೇಲೆ ಬರುತ್ತೆ.

ತಜ್ಞರು ಇದನ್ನ ಜಾಯಿಂಟ್ ಅಟೆನ್ಷನ್ ಅಂತಾರೆ. ಹಂಚಿಕೊಂಡ ಗಮನ ಅನ್ನಬಹುದು. ವಸ್ತು, ನಾನು, ನೀನು, ಈ ಮೂರನ್ನೂ ಒಂದೇ ಗಳಿಗೆಯಲ್ಲಿ ಜೋಡಿಸೋ ಕೆಲಸ ಇದು. ಭಾಷೆ ಬೆಳೆಯೋದು ಬಹುಮಟ್ಟಿಗೆ ಈ ನೆಲದ ಮೇಲೇ. ಮಗು ನಾಯಿಯನ್ನ ತೋರಿಸುತ್ತೆ, ಅಮ್ಮ ‘ನಾಯಿ’ ಅಂತಾಳೆ, ಇಬ್ಬರೂ ನೋಡ್ತಿರೋದು ಅದನ್ನೇ ಆದ್ದರಿಂದ ಪದ ಅದಕ್ಕೇ ಅಂಟಿಕೊಳ್ಳುತ್ತೆ. ಹಾಗಂತ ಬೆರಳು ಬಂದ ಕೂಡಲೇ ಮಾತು ಬಂದೇಬಿಡುತ್ತೆ ಅಂತ ಲೆಕ್ಕ ಹಾಕಬಾರದು. ಕೆಲವು ಮಕ್ಕಳಿಗೆ ಮಾತು ಬರುತ್ತೆ, ಕೆಲವರು ಚಿತ್ರದ ಕಾರ್ಡು, ಸನ್ನೆ ಅಥವಾ ಟ್ಯಾಬ್ಲೆಟ್ ಮೂಲಕ ಹೇಳ್ತಾರೆ. ಕಾರ್ಡು ಕೊಟ್ಟರೆ ಮಾತು ನಿಂತುಹೋಗುತ್ತೆ ಅನ್ನೋ ಭಯ ಬೇಡ. ಅದಕ್ಕೆ ಆಧಾರ ಇಲ್ಲ.

ಇನ್ನು, ಈ ಪ್ರಗತಿ ಮೆಟ್ಟಿಲು ಹತ್ತಿದ ಹಾಗೆ ನೇರವಾಗಿ ಹೋಗಲ್ಲ. ಮನೆಯಲ್ಲಿ ಮಾಡಿದ್ದನ್ನ ಅಂಗನವಾಡಿಯಲ್ಲಿ ಮಾಡಲ್ಲ. ಥೆರಪಿಸ್ಟ್ ಹತ್ರ ತೋರಿಸಿದ್ದನ್ನ ಅಜ್ಜಿ ಮುಂದೆ ತೋರಿಸಲ್ಲ. ಒಂದು ಜಾಗದಲ್ಲಿ ಕಲಿತದ್ದನ್ನ ಇನ್ನೊಂದು ಜಾಗಕ್ಕೆ ಒಯ್ಯೋದೇ ಈ ಮಕ್ಕಳಿಗೆ ಬೇರೆ ಪಾಠ. ಆದ್ದರಿಂದ ಒಂದು ನೋಟ್‌ಬುಕ್ ಇಟ್ಕೊಳ್ಳಿ. ತಾರೀಖು ಹಾಕಿ, ಏನಾಯ್ತು, ಎಲ್ಲಿ, ಯಾರ ಜೊತೆ ಅಂತ ಎರಡೇ ಸಾಲು ಬರೀರಿ. ಥೆರಪಿಸ್ಟ್‌ಗೂ ಇದು ಉಪಯೋಗ. ಪಕ್ಕದ ಮನೆ ಮಗುವಿನ ಪಕ್ಕ ಇಟ್ಟು ನೋಡಿದರೆ ಕಾಣದ್ದು, ಮೂರು ತಿಂಗಳ ಹಿಂದಿನ ಪುಟ ತಿರುಗಿಸಿದರೆ ಕಾಣುತ್ತೆ.

ಮನೆಯಲ್ಲಿ ಇದಕ್ಕೆ ಅವಕಾಶ ಮಾಡಿಕೊಡೋದು ಹೇಗೆ? ಮಗು ಯಾವುದರ ಕಡೆ ನೋಡ್ತಿದೆಯೋ ನೀವೂ ಅದರ ಕಡೆ ಹೋಗಿ, ಪಕ್ಕದಲ್ಲೇ ಕೂತ್ಕೊಳ್ಳಿ. ಇಷ್ಟದ ಆಟಿಕೆಯನ್ನ ಕಾಣೋ ಹಾಗೆ, ಆದರೆ ಕೈಗೆ ಎಟುಕದ ಹಾಗೆ ಇಡಿ. ಕೊಡೋ ಮುಂಚೆ ಸ್ವಲ್ಪ ಕಾಯಿರಿ, ಮನಸ್ಸಲ್ಲೇ ಐದರವರೆಗೆ ಎಣಿಸಿ. ಮಗು ತೋರಿಸಿದರೆ “ಹೌದು, ಬಸ್ಸು ಬಂತು” ಅಂತ ಚಿಕ್ಕದಾಗಿ ಉತ್ತರ ಕೊಡಿ. ಗದ್ದ ಹಿಡಿದು “ನನ್ನ ಕಣ್ಣು ನೋಡು” ಅಂತ ಒತ್ತಾಯ ಮಾಡಬೇಡಿ. ಕಣ್ಣಲ್ಲಿ ಕಣ್ಣಿಡೋದು ಕೆಲವರಿಗೆ ನಿಜಕ್ಕೂ ಹಿಂಸೆ.

ಸಂಭ್ರಮವೂ ಮಗುವಿಗೆ ಒಗ್ಗೋ ಹಾಗಿರಬೇಕು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಜೋರು ಶಬ್ದ ತಡೆಯೋಕಾಗಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಚಪ್ಪಾಳೆ ತಟ್ಟಿ ಕೂಗಿದರೆ, ಮಗು ಕಿವಿ ಮುಚ್ಕೊಂಡು ಮೂಲೆ ಸೇರಬಹುದು. ಆಮೇಲೆ ಆ ಕೆಲಸ ಮಾಡೋಕೇ ಹಿಂಜರೀಬಹುದು. ಕೆಲವರಿಗೆ ಬಿಗಿಯಾದ ಅಪ್ಪುಗೆ ಬೇಕು, ಕೆಲವರಿಗೆ ಇನ್ನೆರಡು ಸಲ ಉಯ್ಯಾಲೆ ಸಾಕು. ದೊಡ್ಡವರ ಖುಷಿಗೆ ಪಾಯಸ ಇದ್ದೇ ಇದೆ!

ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಪುಟ್ಟ ಹೆಜ್ಜೆಯನ್ನ ಸಂಭ್ರಮಿಸೋದು ಅಂದ್ರೆ ಕಾಯ್ತಾ ಕೂರೋದಲ್ಲ. ಒಂದೂವರೆ ವರ್ಷ ಆದರೂ ಮಗು ಬೆರಳು ತೋರಿಸ್ತಿಲ್ಲ, ಹೆಸರು ಕರೆದರೆ ತಿರುಗ್ತಿಲ್ಲ, ಅಥವಾ ಯಾವುದೇ ವಯಸ್ಸಲ್ಲಿ ಬಂದ ಮಾತು ಹೋಯ್ತು ಅಂದ್ರೆ ಮಕ್ಕಳ ವೈದ್ಯರನ್ನ ನೋಡಿ. ಶ್ರವಣ ಪರೀಕ್ಷೆಯನ್ನೂ ಮಾಡಿಸಿ. ‘ಗಂಡು ಮಕ್ಕಳಿಗೆ ಮಾತು ತಡ’ ಅನ್ನೋ ಸಮಾಧಾನದಲ್ಲಿ ವರ್ಷ ಕಳೀಬೇಡಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಮಕ್ಕಳ ತಪಾಸಣೆ ನಡೆಯುತ್ತೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಸೇರಿದೆ. ರಾಷ್ಟ್ರೀಯ ನ್ಯಾಸದ ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಸಿಗುತ್ತೆ, ವಿಚಾರಿಸಿ.

ಮತ್ತೆ, ‘ಆರು ತಿಂಗಳಲ್ಲಿ ಪೂರ್ತಿ ವಾಸಿ’ ಅನ್ನೋ ಜಾಹೀರಾತುಗಳಿಂದ ದೂರ ಇರಿ. ಆಟಿಸಂ ಅನ್ನೋದು ಜ್ವರ ಅಲ್ಲ, ಇಳಿಸೋಕೆ. ಅದು ಮಗುವಿನ ಮಿದುಳು ಜಗತ್ತನ್ನ ಗ್ರಹಿಸೋ ರೀತಿ. ಮಗು ಕಲಿಯುತ್ತೆ, ಬೆಳೆಯುತ್ತೆ, ಆಟಿಸಂ ಜೊತೆಗೇ ಇರುತ್ತೆ.

ಕೊನೆಯದಾಗಿ ಅಜ್ಜಿ, ತಾತ, ಚಿಕ್ಕಪ್ಪ, ಅತ್ತೆಯರಿಗೆ ಒಂದು ಮಾತು. ಇಂಥ ಮಗು ಇರೋ ಮನೆಗೆ ಫೋನ್ ಮಾಡಿದಾಗ “ಇನ್ನೂ ಮಾತು ಬಂದಿಲ್ವಾ?” ಅಂತ ಕೇಳೋದನ್ನ ಬಿಟ್ಟುಬಿಡಿ. “ಈ ವಾರ ಹೊಸದೇನು ಮಾಡಿದ?” ಅಂತ ಕೇಳಿ ನೋಡಿ. ಹೇಳೋಕೆ ಅವರ ಹತ್ರ ಬೇಕಾದಷ್ಟಿರುತ್ತೆ.