ಕೊನೆಭಾಗದ ಸ್ನಾಯು

ಹೃದಯದ ಕೋಣೆಗಳಲ್ಲಿ ದಿನವಿಡೀ ರಕ್ತ ತುಂಬಿ ಹರಿದರೂ ಹೃದಯದ ಸ್ನಾಯುವಿಗೆ ಅದರಿಂದ ನೇರವಾಗಿ ದಕ್ಕುವುದು ತೀರಾ ಕಡಿಮೆ. ಅದರ ಪಾಲು ಹೊರಗಿನಿಂದ ಬರಬೇಕು. ಮಹಾಪಧಮನಿಯ ಬುಡದಲ್ಲೇ ಕವಲೊಡೆಯುವ ಎರಡು ಕರೊನರಿ ಧಮನಿಗಳು ಹೃದಯದ ಹೊರಮೈ ಮೇಲೆ ಹರಡಿ, ಅಲ್ಲಿಂದ ಒಳಕ್ಕೆ ಇಳಿಯುತ್ತವೆ. ಅಗಲ ಬರೀ ಮೂರ್ನಾಲ್ಕು ಮಿಲಿಮೀಟರ್. ಹೀಗಾಗಿ ಒಳಪದರದ ಸ್ನಾಯುವಿನದು ನಾಲೆಯ ಕೊನೆಭಾಗದ ರೈತರ ಪಾಡು. ನೀರು ಕಡಿಮೆಯಾದರೆ ಮೊದಲು ಒಣಗುವುದು ಅವರ ಗದ್ದೆ. ಸಾಲದ್ದಕ್ಕೆ, ಹೃದಯ ಸಂಕುಚಿಸಿದಾಗಲೆಲ್ಲ ಈ ಪದರದ ನಾಳಗಳು ಅದುಮಿಹೋಗುತ್ತವೆ. ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ ಸಿಕ್ಕಿದ್ದೇ ಅದಕ್ಕೆ ಆಹಾರ.

ಆಸ್ಪತ್ರೆಯಿಂದ ಬಂದವರನ್ನು ನಾವು ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಪರ್ಸೆಂಟ್ ಬ್ಲಾಕ್ ಇದೆಯಂತೆ?’ ನನ್ನ ಮಟ್ಟಿಗೆ ಅದು ಅರ್ಧ ಪ್ರಶ್ನೆ. ಕೆಟ್ಟ ಕೊಲೆಸ್ಟರಾಲ್ ಸೇರಿಕೊಳ್ಳುವುದು ಧಮನಿಯ ಗೋಡೆಯೊಳಗೆ. ಅದನ್ನು ನುಂಗಲು ಬಂದ ಬಿಳಿರಕ್ತಕಣಗಳು ಕೊಬ್ಬು ತುಂಬಿಕೊಂಡು ಅಲ್ಲೇ ಸಾಯುತ್ತವೆ, ಮೇಲೆ ತೆಳುವಾದ ನಾರಿನ ಹೊದಿಕೆಯೊಂದು ಬೆಳೆಯುತ್ತದೆ. ದಾರಿಯನ್ನು ಅರ್ಧವೂ ಮುಚ್ಚದ ಗಂಟಿನ ಹೊದಿಕೆಯೂ ಒಂದು ದಿನ ಹರಿಯಬಹುದು. ರಕ್ತ ಅದನ್ನು ಗಾಯವೆಂದೇ ತಿಳಿದು ಹೆಪ್ಪುಗಟ್ಟುತ್ತದೆ; ನಿಮಿಷಗಳಲ್ಲಿ ದಾರಿ ಬಂದ್. ಟ್ರೆಡ್‌ಮಿಲ್ ಪರೀಕ್ಷೆ ನಾರ್ಮಲ್ ಎಂದು ಬಂದವರಿಗೂ ಹೃದಯಾಘಾತ ಆಗುವುದು ಹೀಗೆ.

ರಕ್ತ ನಿಂತ ಒಂದು ನಿಮಿಷದೊಳಗೆ ಆ ಭಾಗದ ಸ್ನಾಯು ಸಂಕುಚಿಸುವುದನ್ನು ಬಿಡುತ್ತದೆ. ಆದರೆ ಇನ್ನೂ ಸತ್ತಿರುವುದಿಲ್ಲ. ಸಾವು ಶುರುವಾಗುವುದು ಸುಮಾರು 20 ನಿಮಿಷದ ನಂತರ, ಅದೂ ಒಳಪದರದಿಂದ. ಅಲ್ಲಿಂದ ಅಲೆಯಂತೆ ಹೊರಕ್ಕೆ ಸಾಗುತ್ತದೆ. ಸಂಶೋಧಕರಾದ ರೈಮರ್ ಮತ್ತು ಜೆನ್ನಿಂಗ್ಸ್ ಅವರ ತಂಡ ನಾಯಿಗಳ ಕರೊನರಿ ಧಮನಿ ಕಟ್ಟಿ, ಬೇರೆ ಬೇರೆ ಹೊತ್ತಿಗೆ ಬಿಚ್ಚಿ ನೋಡಿ ಇದನ್ನು 1977ರಲ್ಲಿ ಪ್ರಕಟಿಸಿತು. 40 ನಿಮಿಷಕ್ಕೆ ಬಿಚ್ಚಿದರೆ ಅಪಾಯದಲ್ಲಿದ್ದ ಸ್ನಾಯುವಿನ ಶೇ 38ರಷ್ಟು ಸತ್ತಿತ್ತು, 3 ಗಂಟೆಗೆ ಶೇ 57, 6 ಗಂಟೆಗೆ ಶೇ 71. ಮನುಷ್ಯರಲ್ಲಿ ಲೆಕ್ಕ ತುಸು ಆಚೀಚೆ ಆದೀತು, ಕ್ರಮ ಅದೇ. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಕಾಯುವ ಎರಡು ಗಂಟೆಯ ಬೆಲೆ ಏನೆಂದು ಈ ಅಂಕಿಗಳೇ ಹೇಳುತ್ತವೆ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತರ್ಕವೂ ಇದೇ.

ಮೊದಲ ಗಂಟೆಯಲ್ಲಿ ಜೀವ ತೆಗೆಯುವುದು ಬಹುಪಾಲು ಇನ್ನೊಂದು ಸಂಗತಿ: ನರಳುವ ಸ್ನಾಯುವಿನಲ್ಲಿ ವಿದ್ಯುತ್ ಸಂಕೇತ ದಾರಿತಪ್ಪಿ, ಹೃದಯ ಬಡಿಯುವ ಬದಲು ಬರೀ ಅದುರುತ್ತದೆ. ಅದನ್ನು ದಾಟಿದವರಲ್ಲಿ ಸತ್ತ ಭಾಗ ಕೆಲವು ವಾರಗಳಲ್ಲಿ ಕಲೆಗಟ್ಟುತ್ತದೆ. ಹೃದಯದ ಸ್ನಾಯು ಮತ್ತೆ ಬೆಳೆಯುವುದು ಇಲ್ಲವೆನ್ನುವಷ್ಟು ಕಡಿಮೆ. ಕಲೆ ಹರಿಯದೆ ನಿಲ್ಲುತ್ತದೆ, ಆದರೆ ಸಂಕುಚಿಸುವುದಿಲ್ಲ. ಅದರ ಕೆಲಸವೂ ಉಳಿದ ಸ್ನಾಯುವಿನ ಮೇಲೆ ಬಿದ್ದು, ಎಡ ಹೃತ್ಕುಕ್ಷಿ ವರ್ಷಗಟ್ಟಲೆ ನಿಧಾನವಾಗಿ ಹಿಗ್ಗುತ್ತದೆ. ಕಾಲು ಊದುವುದು, ಮಲಗಿದರೆ ಉಸಿರು ಕಟ್ಟುವುದು ಆಮೇಲಿನ ಕಥೆ. ರಾಮಿಪ್ರಿಲ್‌ನಂಥ ಮಾತ್ರೆ ಈ ಹಿಗ್ಗುವಿಕೆಯನ್ನು ತಗ್ಗಿಸುತ್ತದೆ. ‘ಬಿಪಿ ನಾರ್ಮಲ್ ಇದೆಯಲ್ಲ ಡಾಕ್ಟ್ರೇ’ ಎಂದರೂ ಅವರು ಅದನ್ನು ಚೀಟಿಯಿಂದ ಹೊಡೆದುಹಾಕದಿರುವುದು ಅದಕ್ಕೇ.