ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಹ್ಯಾಂಡಲ್

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಒಂದು ಸಣ್ಣ ಊರು. ಒಬ್ಬಾತ ಮನೆಯಿಂದ ಹೊರಬಂದು ಬೀದಿಬದಿಯಲ್ಲಿ ನಿಲ್ಲಿಸಿದ ತನ್ನ ಬೈಕಿನತ್ತ ನಡೆಯುತ್ತಾನೆ ಎಂದುಕೊಳ್ಳಿ. ಬೆಲ್ಟಿಗೆ ಹೋಲ್‌ಸ್ಟರ್, ಅದರೊಳಗೆ ಗುಂಡು ತುಂಬಿದ ಪಿಸ್ತೂಲು. ಎದುರಿಗೆ ಬಂದವರಿಗೆಲ್ಲ ಅದು ಕಾಣುತ್ತದೆ. ಅವನ ಬಳಿ ಲೈಸೆನ್ಸ್ ಇಲ್ಲ. ನಡೆಯುತ್ತಿರುವಷ್ಟು ಹೊತ್ತು ಬೇಕಾಗಿಯೂ ಇಲ್ಲ. ಬೈಕಿನ ಬಳಿ ಬಂದು, ಕಾಲೆತ್ತಿ ಸೀಟಿನ ಆಚೆ ಹಾಕಿ, ಎಂಜಿನ್ ಚಾಲೂ ಮಾಡಿ ಹೊರಟನೆಂದರೆ ಲೆಕ್ಕ ಬದಲಾಗುತ್ತದೆ. ಪಿಸ್ತೂಲು ಅದೇ, ಸೊಂಟವೂ ಅದೇ. ಆದರೆ ಈಗ ಅವನು ವಾಹನದಲ್ಲಿ ಲೈಸೆನ್ಸಿಲ್ಲದೆ ಗುಂಡು ತುಂಬಿದ ಪಿಸ್ತೂಲು ಸಾಗಿಸುತ್ತಿರುವ ಆರೋಪಿ. ಮಿಷಿಗನ್ ರಾಜ್ಯದಲ್ಲೂ ಹೀಗೆಯೇ: ನಡೆಯುವವನು ಕಾಣುವಂತೆ ಪಿಸ್ತೂಲು ಧರಿಸಬಹುದು, ವಾಹನ ಏರಿದವನಿಗೆ ಲೈಸೆನ್ಸ್ ಬೇಕು.

ಸಾರ್ವಜನಿಕ ಜಾಗದಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಬಂದೂಕು ಒಯ್ಯುವುದನ್ನು ಅಲ್ಲಿ ‘ಓಪನ್ ಕ್ಯಾರಿ’ ಎನ್ನುತ್ತಾರೆ. ಅದರ ಪರ-ವಿರೋಧ ಚರ್ಚೆ ಹಳೆಯದು. ಬೈಕ್ ಸವಾರರ ವಿಷಯಕ್ಕೆ ಬಂದಾಗ ಮಾತ್ರ ಆ ಚರ್ಚೆ ಜಟಿಲವಾಗುತ್ತದೆ. ಬಂದೂಕಿನ ಕಾನೂನುಗಳಲ್ಲಿ ಬಹುಪಾಲು ಒಳಗೆ-ಹೊರಗೆ ಎಂಬ ಭೇದದ ಮೇಲೆ ನಿಂತಿವೆ. ಮನೆಯ ಒಳಗೆ, ಕಾರಿನ ಒಳಗೆ, ಡಿಕ್ಕಿಯ ಒಳಗೆ. ಬೈಕಿಗೆ ಒಳಗು ಎಂಬುದೇ ಇಲ್ಲ. ಸವಾರ ವಾಹನದಲ್ಲೂ ಇರುತ್ತಾನೆ, ಬೀದಿಯಲ್ಲೂ ಇರುತ್ತಾನೆ.

1986ರ ಒಕ್ಕೂಟ ಕಾನೂನೊಂದು ರಾಜ್ಯದಿಂದ ರಾಜ್ಯಕ್ಕೆ ಬಂದೂಕು ಸಾಗಿಸುವ ಪ್ರಯಾಣಿಕರಿಗೆ ರಕ್ಷಣೆ ಕೊಡುತ್ತದೆ. ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ಅದನ್ನು ಇಟ್ಟುಕೊಳ್ಳುವುದು ಕಾನೂನುಬದ್ಧವಾಗಿರಬೇಕು, ಗುಂಡು ತೆಗೆದಿರಬೇಕು, ಬಂದೂಕಾಗಲಿ ಗುಂಡಾಗಲಿ ಕೈಗೆ ಸುಲಭವಾಗಿ ಸಿಗಬಾರದು. ಪ್ರತ್ಯೇಕ ಡಿಕ್ಕಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು. ಕಾರಿನವರಿಗೆ ಇದು ಎರಡು ನಿಮಿಷದ ಕೆಲಸ. ಬೈಕಿನವರಿಗೆ ಇರುವುದು ಹಿಂದಿನ ಚಕ್ರದ ಎರಡು ಬದಿಗೆ ತೂಗುವ ಸ್ಯಾಡಲ್ ಬ್ಯಾಗ್. ಅದು ಚರ್ಮದ್ದಾದರೆ ಚೂಪಾದ ಚಾಕು ಸಾಕು, ತೆರೆಯಲು ಕೀಲಿಯೇ ಬೇಡ.

ಬೈಕಿಗೂ ಬಂದೂಕಿಗೂ ಅಮೆರಿಕದಲ್ಲಿ ಹಳೆಯ ನಂಟಿದೆ, ಅದು ಸೈನ್ಯದಿಂದ ಬಂದದ್ದು. 1916ರಲ್ಲಿ ಮೆಕ್ಸಿಕೋದ ಬಂಡುಕೋರ ನಾಯಕ ಪಾಂಚೋ ವಿಯಾನನ್ನು ಬೆನ್ನಟ್ಟಿದ ಸೈನ್ಯ ಹಾರ್ಲೆ-ಡೇವಿಡ್‌ಸನ್ ಬೈಕುಗಳನ್ನು ಒಯ್ದಿತ್ತು. ಎರಡನೇ ಮಹಾಯುದ್ಧಕ್ಕೆಂದು ಅದೇ ಕಂಪನಿ ತಯಾರಿಸಿದ ಡಬ್ಲ್ಯುಎಲ್‌ಎ ಮಾದರಿಯ ಬೈಕುಗಳ ಮುಂದಿನ ಫೋರ್ಕಿನ ಪಕ್ಕದಲ್ಲಿ ಉದ್ದನೆಯ ಚರ್ಮದ ಒರೆಯೊಂದು ಇರುತ್ತಿತ್ತು, ಥಾಮ್ಸನ್ ಸಬ್‌ಮಷಿನ್ ಗನ್ ಇಡಲು. ಯುದ್ಧ ಮುಗಿದ ಮೇಲೆ ಈ ಬೈಕುಗಳು ಅಗ್ಗದ ದರಕ್ಕೆ ಮಾರಾಟವಾದವು. ಊರಿಗೆ ಮರಳಿದ ಸೈನಿಕರಲ್ಲಿ ಅನೇಕರು ಬೈಕ್ ಕೂಟಗಳನ್ನು ಕಟ್ಟಿಕೊಂಡರು. 1947ರ ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಹಾಲಿಸ್ಟರ್ ಊರಿನಲ್ಲಿ ಇಂಥ ಸವಾರರ ಗಲಾಟೆ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಬೈಕ್ ಸವಾರನೆಂದರೆ ಪುಂಡ ಎಂಬ ಚಿತ್ರ ಅಲ್ಲಿಂದ ಗಟ್ಟಿಯಾಗಿ, ಸಿನಿಮಾಗಳಲ್ಲಿ ಬೆಳೆಯಿತು.

ಅಮೆರಿಕದ ಪಶ್ಚಿಮದಲ್ಲಿ ಹಿಂದೆ ಎಲ್ಲರೂ ಸೊಂಟಕ್ಕೆ ಪಿಸ್ತೂಲು ಕಟ್ಟಿಕೊಂಡೇ ತಿರುಗುತ್ತಿದ್ದರು ಎಂಬ ನಂಬಿಕೆಯನ್ನು ಹರಡಿದ್ದೂ ಸಿನಿಮಾಗಳೇ. ದಾಖಲೆಗಳು ಬೇರೆಯದನ್ನೇ ಹೇಳುತ್ತವೆ. ದನಗಾಹಿಗಳ ಊರಾದ ಡಾಜ್ ಸಿಟಿಯಲ್ಲಿ ಪೇಟೆಯೊಳಗೆ ಬಂದೂಕು ಒಯ್ಯುವುದಕ್ಕೆ ನಿಷೇಧವಿತ್ತು. ಅರಿಜೋನಾದ ಟೂಂಬ್‌ಸ್ಟೋನ್ ಊರಿನಲ್ಲಿ 1881ರ ಅಕ್ಟೋಬರ್ 26ರಂದು ನಡೆದ ಓಕೆ ಕೊರಾಲ್ ಗುಂಡಿನ ಕಾಳಗಕ್ಕೆ ನೆಪವಾದದ್ದೂ ಅಂಥದೇ ನಿಯಮ, ಅದನ್ನು ಜಾರಿಗೆ ತರಲು ಹೋದ ಪೊಲೀಸರು. ಬಂದೂಕಿನ ನಾಡೆಂದೇ ಹೆಸರಾದ ಟೆಕ್ಸಾಸ್ 1871ರಲ್ಲಿಯೇ ಪಿಸ್ತೂಲು ಧರಿಸಿ ತಿರುಗುವುದನ್ನು ನಿಷೇಧಿಸಿತ್ತು. ಕಾಣುವಂತೆ ಧರಿಸುವುದರ ಮೇಲಿನ ನಿಷೇಧ ಹೆಚ್ಚುಕಡಿಮೆ ಒಂದೂವರೆ ಶತಮಾನ ಉಳಿಯಿತು. 2016ರ ಜನವರಿ 1ರಿಂದ ಲೈಸೆನ್ಸ್ ಉಳ್ಳವರು ಕಾಣುವಂತೆ ಪಿಸ್ತೂಲು ಧರಿಸಬಹುದೆಂದಾಯಿತು. 2021ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಕೂಡ ಬೇಡವೆಂದಾಯಿತು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾನೂನನ್ನು ತಳ್ಳಿಹಾಕಿದ ಸುಪ್ರೀಂ ಕೋರ್ಟ್, ಮನೆಯ ಹೊರಗೂ ಆತ್ಮರಕ್ಷಣೆಗೆ ಬಂದೂಕು ಒಯ್ಯುವುದು ಸಂವಿಧಾನದತ್ತ ಹಕ್ಕು ಎಂದಿತು. 2024ರ ಹೊತ್ತಿಗೆ 50 ರಾಜ್ಯಗಳ ಪೈಕಿ 29 ರಾಜ್ಯಗಳಲ್ಲಿ ಲೈಸೆನ್ಸಿನ ಕಟ್ಟಳೆ ಇರಲಿಲ್ಲ.

ಪ್ರತಿ ಆಗಸ್ಟ್‌ನಲ್ಲಿ ದಕ್ಷಿಣ ಡಕೋಟಾದ ಸ್ಟರ್ಜಿಸ್ ಎಂಬ ಪುಟ್ಟ ಊರಿಗೆ ಲಕ್ಷಾಂತರ ಬೈಕುಗಳು ಬರುತ್ತವೆ. 1938ರಲ್ಲಿ ಶುರುವಾದ ಜಾತ್ರೆಯದು. ಟೆಕ್ಸಾಸಿನ ಡಲ್ಲಾಸಿನಿಂದ ಹೊರಟವರು ಒಕ್ಲಹೋಮ, ಕನ್ಸಾಸ್, ನೆಬ್ರಾಸ್ಕಾ ದಾಟಿ ಸುಮಾರು 1,700 ಕಿ.ಮೀ. ಸಾಗಬೇಕು. ಈ ಐದೂ ರಾಜ್ಯಗಳಲ್ಲಿ ಈಗ ಲೈಸೆನ್ಸಿಲ್ಲದೆ ಪಿಸ್ತೂಲು ಒಯ್ಯಬಹುದು. ದಾರಿ ಸಲೀಸು ಎನಿಸುತ್ತದೆ. ಅಲ್ಲೂ ತೊಡಕುಗಳಿವೆ. ಒಕ್ಕೂಟದ ಕಾನೂನಿನ ಪ್ರಕಾರ ಶಾಲೆಯಿಂದ 1,000 ಅಡಿ ವ್ಯಾಪ್ತಿಯಲ್ಲಿ ಬಂದೂಕು ಇರಬಾರದು. ಆಯಾ ರಾಜ್ಯದ ಲೈಸೆನ್ಸ್ ಉಳ್ಳವರಿಗೆ, ಗುಂಡು ತೆಗೆದು ಬೀಗ ಹಾಕಿ ಒಯ್ಯುವವರಿಗೆ ವಿನಾಯಿತಿ. ಲೈಸೆನ್ಸೇ ಬೇಡವೆಂದ ರಾಜ್ಯದಲ್ಲಿ ಲೈಸೆನ್ಸ್ ಮಾಡಿಸದೆ ಹೊರಟವನು ಹೆದ್ದಾರಿ ಪಕ್ಕದ ಶಾಲೆಯನ್ನು ದಾಟುವಾಗ ನಿಯಮದ ಅರಿವಿಲ್ಲದೆಯೇ ಕಾನೂನು ಮುರಿಯಬಹುದು. ರಾಷ್ಟ್ರೀಯ ಉದ್ಯಾನಗಳಲ್ಲಿ 2010ರ ಫೆಬ್ರವರಿಯಿಂದ ಆಯಾ ರಾಜ್ಯದ ಕಾನೂನಿನಂತೆ ಬಂದೂಕು ಇಟ್ಟುಕೊಳ್ಳಬಹುದು, ಆದರೆ ಅದರೊಂದಿಗೆ ಅಲ್ಲಿನ ಸರ್ಕಾರಿ ಕಟ್ಟಡದೊಳಗೆ ಕಾಲಿಡುವಂತಿಲ್ಲ. ಅಲಾಸ್ಕಾಕ್ಕೆ ಹೊರಟವರು ಮಧ್ಯೆ ಕೆನಡಾ ದಾಟಬೇಕು. ಅಲ್ಲಿ ಪಿಸ್ತೂಲಿನ ಆಸೆಯನ್ನೇ ಬಿಡಬೇಕು.

ಇನ್ನು ಸವಾರನ ಮೈಮೇಲಿನ ಸಂಗತಿ. ಗಂಟೆಗೆ ನೂರು ಕಿ.ಮೀ. ವೇಗದ ಗಾಳಿಗೆ ಜಾಕೆಟ್ಟಿನ ಅಂಚು ಹಾರುತ್ತದೆ, ಒಳಗೆ ಮುಚ್ಚಿಟ್ಟದ್ದು ಹೊರಗೆ ಕಾಣುತ್ತದೆ. ಓಪನ್ ಕ್ಯಾರಿಗೆ ಅನುಮತಿ ಇರುವಲ್ಲಿ ಇದು ದೊಡ್ಡ ವಿಷಯವಲ್ಲ. ನಿಷೇಧವಿದ್ದ ಫ್ಲಾರಿಡಾದಲ್ಲಿ ದೊಡ್ಡ ವಿಷಯವೇ ಆಗಿತ್ತು. ಮುಚ್ಚಿಟ್ಟು ಒಯ್ಯುವ ಲೈಸೆನ್ಸ್ ಇರುವವರ ಆಯುಧ ಕ್ಷಣಕಾಲ ಕಂಡರೆ ಅಪರಾಧವಲ್ಲ ಎಂದು 2011ರಲ್ಲಿ ಅಲ್ಲಿನ ಶಾಸನಸಭೆ ಕಾನೂನಿಗೆ ತಿದ್ದುಪಡಿ ಮಾಡಬೇಕಾಯಿತು. 1987ರಿಂದ ಇದ್ದ ಆ ನಿಷೇಧವನ್ನೇ 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯವೊಂದು ಅಸಾಂವಿಧಾನಿಕ ಎಂದಿತು.

ಸಿಗ್ನಲ್ಲಿನಲ್ಲಿ ನಿಂತ ಸವಾರನನ್ನು ಹತ್ತಿರದಿಂದ ನೋಡಿದರೆ ಇನ್ನೊಂದು ಅಪಾಯ ತಿಳಿಯುತ್ತದೆ. ಎಡಗೈ ಕ್ಲಚ್ಚಿನ ಮೇಲೆ, ಬಲಗೈ ಬ್ರೇಕಿನ ಮೇಲೆ, ಒಂದು ಕಾಲು ನೆಲದ ಮೇಲೆ, ಕಣ್ಣು ಕೆಂಪು ದೀಪದ ಮೇಲೆ. ಬಲಸೊಂಟದ ಪಿಸ್ತೂಲು ಪಕ್ಕದ ಲೇನಿನ ಕಾರಿನ ಕಿಟಕಿಗೆ ಕೈಯಳತೆಯಲ್ಲಿದೆ. ಅದಕ್ಕೇ ಅನುಭವಿಗಳು ಬರಿಯ ಚರ್ಮದ ಚೀಲವನ್ನು ನಂಬುವುದಿಲ್ಲ. ಹೆಬ್ಬೆರಳಿನಿಂದ ಮುಚ್ಚಳ ಸರಿಸಿದರೆ ಮಾತ್ರ ಪಿಸ್ತೂಲು ಹೊರಬರುವ, ಪೊಲೀಸರು ಬಳಸುವಂಥ ಹೋಲ್‌ಸ್ಟರ್ ಹಾಕಿಕೊಳ್ಳಿ ಎನ್ನುತ್ತಾರೆ. ಬೆನ್ನ ಹಿಂದೆ ನಡುವಿನಲ್ಲಿ ಸಿಕ್ಕಿಸಿಕೊಳ್ಳಬೇಡಿ ಎಂದೂ ಹೇಳುತ್ತಾರೆ, ಯಾಕೆಂದರೆ ಬಿದ್ದಾಗ ಬೆನ್ನುಮೂಳೆಗೂ ಡಾಂಬರಿಗೂ ನಡುವೆ ಸಿಗುವುದು ಅದೇ ಉಕ್ಕಿನ ತುಂಡು.

ಸವಾರರಿಗೂ ಅವರದೇ ಕಾರಣಗಳಿವೆ. ಮೊಂಟಾನಾ, ವ್ಯೋಮಿಂಗ್‌ಗಳ ಹೆದ್ದಾರಿಗಳಲ್ಲಿ ಮೈಲುಗಟ್ಟಲೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಟೈರು ಪಂಕ್ಚರ್ ಆದರೆ ಕಾರಿನವನು ಕಿಟಕಿ ಏರಿಸಿ ಬೀಗ ಹಾಕಿ ಕೂರಬಹುದು, ಬೈಕಿನವನಿಗೆ ಬಯಲೇ ಗತಿ. ಒಂಟಿಯಾಗಿ ಸಾಗುವ ಹೆಂಗಸರಿಗೆ ಈ ಅಂಜಿಕೆ ಇನ್ನೂ ಹೆಚ್ಚು. ಇದನ್ನು ಯಾರೂ ತಳ್ಳಿಹಾಕಲಾಗದು. ಆದರೆ ಪಿಸ್ತೂಲು ಧರಿಸಿದವನಿಗೆ ಧೈರ್ಯ, ನೋಡುವವರಿಗೆ ಆತಂಕ. ಬಂಕಿನಲ್ಲಿ ಮಗುವಿನ ಕೈ ಹಿಡಿದು ನಿಂತ ತಾಯಿಗೆ ಆ ಪಿಸ್ತೂಲಿನವನು ಯಾರೆಂದು ತಿಳಿಯುವ ದಾರಿಯಿಲ್ಲ. ಪೊಲೀಸರಿಗೂ ಇಲ್ಲ.

ಹೀಗೆ ಯಾರು ಯಾರೆಂದು ತಿಳಿಯದಿರುವುದರ ಬೆಲೆ ಎಷ್ಟೆಂದು ಟೆಕ್ಸಾಸ್ ಎರಡು ಸಲ ಕಂಡಿತು. 2015ರ ಮೇ 17ರ ಭಾನುವಾರ ಮಧ್ಯಾಹ್ನ ವೇಕೋ ನಗರದ ಟ್ವಿನ್ ಪೀಕ್ಸ್ ಹೋಟೆಲಿನಲ್ಲಿ ಬೈಕ್ ಕೂಟಗಳ ಒಕ್ಕೂಟದ ಸಭೆ ಇತ್ತು. ಬ್ಯಾಂಡಿಡೋಸ್, ಕೊಸಾಕ್ಸ್ ಎಂಬ ಎರಡು ಕೂಟಗಳ ಹಗೆ ಪಾರ್ಕಿಂಗ್ ಜಾಗದಲ್ಲಿ ಸಿಡಿಯಿತು. ಕಾವಲಿಗೆ ನಿಂತಿದ್ದ ಪೊಲೀಸರೂ ಗುಂಡು ಹಾರಿಸಿದರು. ಒಂಬತ್ತು ಜನ ಸತ್ತರು. ಅಲ್ಲಿದ್ದವರಲ್ಲಿ 177 ಜನರನ್ನು ಬಂಧಿಸಿ, ತಲಾ 10 ಲಕ್ಷ ಡಾಲರ್ ಜಾಮೀನು ವಿಧಿಸಲಾಯಿತು. ಯಾರು ಹೊಡೆದವರು, ಯಾರು ತಪ್ಪಿಸಿಕೊಳ್ಳಲು ನೆಲಕ್ಕೆ ಬಿದ್ದವರು ಎಂದು ಬೇರ್ಪಡಿಸಲಾಗಲಿಲ್ಲ. ವಿಚಾರಣೆಗೆ ಬಂದದ್ದು ಒಂದೇ ಪ್ರಕರಣ, ಅದೂ ತೀರ್ಪಿಲ್ಲದೆ ಮುಗಿಯಿತು. 2019ರ ಏಪ್ರಿಲ್ ಹೊತ್ತಿಗೆ ಉಳಿದ ಆರೋಪಗಳನ್ನೆಲ್ಲ ಕೈಬಿಡಲಾಯಿತು. ಒಂಬತ್ತು ಸಾವಿಗೆ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಓಪನ್ ಕ್ಯಾರಿ ಮಸೂದೆ ಟೆಕ್ಸಾಸ್ ಶಾಸನಸಭೆಯಲ್ಲಿದ್ದ ದಿನಗಳವು. ಗೋಲಿಬಾರಿನ ನಂತರ ಒಂದು ತಿಂಗಳೂ ಕಳೆಯದೆ, ಜೂನ್ 13ರಂದು, ಗವರ್ನರ್ ಗ್ರೆಗ್ ಅಬಾಟ್ ಅದಕ್ಕೆ ಸಹಿ ಹಾಕಿದರು.

ಮರುವರ್ಷ ಜುಲೈ 7ರಂದು ಡಲ್ಲಾಸಿನಲ್ಲಿ ಪ್ರತಿಭಟನಾ ಮೆರವಣಿಗೆಯ ವೇಳೆ ಹಂತಕನೊಬ್ಬ ಐವರು ಪೊಲೀಸರನ್ನು ಕೊಂದ. ಮೆರವಣಿಗೆಯಲ್ಲಿ ಹೆಗಲಿಗೆ ರೈಫಲ್ ಹಾಕಿಕೊಂಡವರು ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು, ಕಾನೂನುಬದ್ಧವಾಗಿಯೇ. ಅವರಲ್ಲೊಬ್ಬನ ಫೋಟೋವನ್ನು ಪೊಲೀಸರು ಶಂಕಿತನೆಂದು ಟ್ವಿಟರ್‌ನಲ್ಲಿ ಹಾಕಿದರು. ಆತ ನಿರಪರಾಧಿ, ತನ್ನ ರೈಫಲನ್ನು ತಾನೇ ಪೊಲೀಸರಿಗೆ ಒಪ್ಪಿಸಿದ್ದ. ಗುಂಡು ಹಾರತೊಡಗಿದಾಗ ರೈಫಲ್ ಹಿಡಿದವರಲ್ಲಿ ಯಾರು ಕೆಟ್ಟವರೆಂದು ಹೇಗೆ ತಿಳಿಯಬೇಕು ಎಂದು ಅಂದಿನ ಪೊಲೀಸ್ ಮುಖ್ಯಸ್ಥ ಡೇವಿಡ್ ಬ್ರೌನ್ ಕೇಳಿದರು. ಫೋಟೋದಲ್ಲಿದ್ದಾತ ಕಪ್ಪು ಜನಾಂಗದವನೆಂಬುದೂ ಇಲ್ಲಿ ಮುಖ್ಯ. ಇದಕ್ಕೊಂದು ಹಳೆಯ ಉದಾಹರಣೆಯಿದೆ: 1967ರ ಮೇ 2ರಂದು ಕಪ್ಪು ಜನಾಂಗದವರ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸುಮಾರು 30 ಜನ ಬಂದೂಕು ಹಿಡಿದು ಕ್ಯಾಲಿಫೋರ್ನಿಯಾದ ಶಾಸನಭವನಕ್ಕೆ ಬಂದರು. ಅದೇ ವರ್ಷ ಗವರ್ನರ್ ರೊನಾಲ್ಡ್ ರೇಗನ್ ಗುಂಡು ತುಂಬಿದ ಬಂದೂಕನ್ನು ಬಹಿರಂಗವಾಗಿ ಒಯ್ಯದಂತೆ ಕಾನೂನಿಗೆ ಸಹಿ ಮಾಡಿದರು. ಯಾರ ಸೊಂಟದಲ್ಲಿದೆ ಎಂಬುದರ ಮೇಲೆ ಆ ಆಯುಧಕ್ಕೆ ಸಿಗುವ ಮರ್ಯಾದೆ ಬದಲಾಗುತ್ತ ಬಂದಿದೆ.

ಟೆಕ್ಸಾಸಿನ ಹಲವು ಅಂಗಡಿಗಳ ಬಾಗಿಲಲ್ಲಿ ಈಗ 30.07 ಎಂಬ ಕಾನೂನಿನ ಕಲಂ ಸಂಖ್ಯೆಯ ಫಲಕಗಳಿವೆ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ, ಕನಿಷ್ಠ ಒಂದು ಇಂಚು ಎತ್ತರದ ಅಕ್ಷರಗಳಲ್ಲಿ, ಕಾಣುವಂತೆ ಪಿಸ್ತೂಲು ಧರಿಸಿದವರು ಒಳಗೆ ಬರಬಾರದು ಎಂದು ಬರೆದಿರಬೇಕು. ಕಾಫಿ ಕುಡಿಯಲು ಬಂದ ಸವಾರ ಆ ಫಲಕ ನೋಡಿ ಹಿಂದಿರುಗುತ್ತಾನೆ. ಪಿಸ್ತೂಲನ್ನು ಎಲ್ಲಿಡುವುದು? ಮತ್ತೆ ಅದೇ ಸ್ಯಾಡಲ್ ಬ್ಯಾಗ್. ಅಮೆರಿಕದ ನಗರಗಳಲ್ಲಿ ಕಳವಾಗುವ ಬಂದೂಕುಗಳಲ್ಲಿ ದೊಡ್ಡ ಪಾಲು ನಿಲ್ಲಿಸಿದ ವಾಹನಗಳಿಂದಲೇ ಹೋಗುತ್ತಿರುವಾಗ, ಪಾರ್ಕಿಂಗಿನಲ್ಲಿ ಒಂಟಿಯಾಗಿ ನಿಂತ ಬೈಕಿನ ಚೀಲದಲ್ಲಿ ಅದನ್ನು ಬಿಟ್ಟುಹೋಗುವುದು ಸಣ್ಣ ಅಜಾಗರೂಕತೆಯಲ್ಲ.

ಕನ್ನಡನಾಡಿಗೂ ಬಂದೂಕಿನ ಒಂದು ಹಕ್ಕು ಗೊತ್ತು, ಕೊಡಗಿನದು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಡವರಿಗೆ ಸಿಕ್ಕ ವಿನಾಯಿತಿ ಇಂದಿಗೂ ಇದೆ. ಕೊಡವರು ಮತ್ತು ಜಮ್ಮಾ ಹಿಡುವಳಿದಾರರು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಹುದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅಲ್ಲಿ ತೋಕ್, ಅಂದರೆ ಕೋವಿ, ಕುಟುಂಬದ ಮೂಲಮನೆಯಾದ ಐನ್‌ಮನೆಗೆ, ಭೂಮಿಗೆ, ಕೈಲ್ ಪೊಳ್ದ್ ಹಬ್ಬದ ಪೂಜೆಗೆ, ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ಸೇರಿದ್ದು. ಸಮುದಾಯದ ಕಣ್ಗಾವಲು ಅದರ ಮೇಲಿದೆ. ಅಪರಿಚಿತರ ನಡುವೆ ಹೆದ್ದಾರಿಯಲ್ಲಿ ಒಬ್ಬೊಬ್ಬರೇ ಹೊತ್ತು ಸಾಗುವ ಪಿಸ್ತೂಲಿಗೆ ಅಂಥ ಕಣ್ಗಾವಲು ಇಲ್ಲ. ದೇಶದ ಲೈಸೆನ್ಸ್‌ದಾರರಿಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಸ್ಪಷ್ಟವಾಗಿವೆ: ಸಾರ್ವಜನಿಕ ಜಾಗದಲ್ಲಿ ಬಂದೂಕು ಹೋಲ್‌ಸ್ಟರಿನಲ್ಲೋ ಚೀಲದಲ್ಲೋ ಇರಬೇಕು, ಝಳಪಿಸುವಂತಿಲ್ಲ.

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್‌ಗಳಲ್ಲಿ ಕೆಲಸಕ್ಕಿರುವ ಕನ್ನಡಿಗರು, ಅವರ ಊರಿನ ತಂದೆತಾಯಂದಿರು ತಿಳಿದಿರಲೇಬೇಕಾದ ಸಂಗತಿ ಒಂದಿದೆ. ಟೆಕ್ಸಾಸ್ ಲೈಸೆನ್ಸ್ ಬೇಡವೆಂದಿರುವುದು ಅಲ್ಲಿರುವ ಎಲ್ಲರಿಗೂ ಅಲ್ಲ. ಎಚ್-1ಬಿ, ವಿದ್ಯಾರ್ಥಿ ಮುಂತಾದ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕಾಗಲಿ ಗುಂಡಾಗಲಿ ತಮ್ಮ ಬಳಿ ಇಟ್ಟುಕೊಳ್ಳುವುದನ್ನು ಒಕ್ಕೂಟದ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಪಡೆದಿರುವುದು ಮುಂತಾದ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧ ಅನ್ವಯಿಸದು. ವಾರಾಂತ್ಯದಲ್ಲಿ ಬಾಡಿಗೆ ಹಾರ್ಲೆ ಏರಿ ಸಹೋದ್ಯೋಗಿಗಳ ಜೊತೆ ಹೊರಟ ಹುಡುಗನೊಬ್ಬ, ತನ್ನ ಪೆಟ್ಟಿಗೆಗೆ ಬೀಗ ಇದೆಯೆಂದು ಗೆಳೆಯನ ಪಿಸ್ತೂಲನ್ನು ಅದರಲ್ಲಿಟ್ಟುಕೊಂಡು ಸಾಗಿದರೂ ಅದು ತನ್ನ ಬಳಿ ಇಟ್ಟುಕೊಂಡಂತೆಯೇ ಲೆಕ್ಕ. ಆ ಅಪರಾಧಕ್ಕೆ 2022ರ ತಿದ್ದುಪಡಿಯ ನಂತರ 15 ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಬಹುದು.