ನರ್ಸಿಂಗ್‌ಗೆ ಸೇರಿಸುವ ಮುನ್ನ: ವಾರ್ಡಿನ ತರಬೇತಿ ಎಲ್ಲಿ ಎಂದು ಕೇಳಿ



ಪಿ.ಯು.ಸಿ. ಫಲಿತಾಂಶ ಬಂದ ಕೂಡಲೇ ನಮ್ಮ ಸಂಘಗಳ ವಾರದ ಸಭೆಯಲ್ಲಿ ಒಂದು ಮಾತು ಕೇಳಿಬರುತ್ತದೆ. "ಮಗಳನ್ನ ನರ್ಸಿಂಗ್‌ಗೆ ಹಾಕ್ಬೇಕು, ಸಂಘದಿಂದ ಸ್ವಲ್ಪ ಸಾಲ ಬೇಕಿತ್ತು." ಒಳ್ಳೆಯ ಯೋಚನೆಯೇ. ಆದರೆ ನಾವು ಕೇಳುವುದೆಲ್ಲ ಫೀಸು ಎಷ್ಟು, ಹಾಸ್ಟೆಲ್ ಇದೆಯಾ, ಯೂನಿಫಾರ್ಮಿಗೆ ಎಷ್ಟು ಎಂದು. ಮುಖ್ಯ ಪ್ರಶ್ನೆಯೊಂದನ್ನು ಬಿಟ್ಟುಬಿಡುತ್ತೇವೆ.

ಸಂಘವೊಂದರ ಸದಸ್ಯೆ ಸಾಲ ತೆಗೆದು, ಸಾಲದ್ದಕ್ಕೆ ಓಲೆಯನ್ನೂ ಅಡವಿಟ್ಟು ಮಗಳನ್ನು ಕಾಲೇಜಿಗೆ ಸೇರಿಸಿದರು. ದೊಡ್ಡ ಕಟ್ಟಡ, ಬಣ್ಣದ ಪುಸ್ತಿಕೆ, ಎಲ್ಲವೂ ಚೆಂದ. ಕೋರ್ಸ್ ಮುಗಿಸಿ ಕೆಲಸಕ್ಕೆ ಹೋದ ಹುಡುಗಿ ಮೊದಲ ವಾರವೇ ಅಳುತ್ತ ಫೋನ್ ಮಾಡಿದಳು. "ಅಮ್ಮಾ, ಗೊಂಬೆಯ ಕೈಗೆ ಬಿಟ್ಟರೆ ಮನುಷ್ಯರಿಗೆ ಡ್ರಿಪ್ ಹಾಕಿದ್ದು ನಾಲ್ಕೈದು ಸಲ ಅಷ್ಟೇ. ಇಲ್ಲಿ ಕೈ ನಡುಗ್ತದೆ." ಅಂಕಪಟ್ಟಿಯಲ್ಲಿ ಫಸ್ಟ್ ಕ್ಲಾಸ್ ಇತ್ತು. ಕೈಗೆ ಅಭ್ಯಾಸ ಇರಲಿಲ್ಲ.

ಆದ್ದರಿಂದ ಈ ಸಲ ನರ್ಸಿಂಗ್ ವಿದ್ಯಾರ್ಥಿಗಳ ಆಸ್ಪತ್ರೆ ತರಬೇತಿಯ ಬಗ್ಗೆ ತಿಳಿದುಕೊಳ್ಳೋಣ. ಕಾಲೇಜಿನವರು ಇದನ್ನು ಕ್ಲಿನಿಕಲ್ ಪೋಸ್ಟಿಂಗ್ ಎನ್ನುತ್ತಾರೆ.

ಪೋಸ್ಟಿಂಗ್ ಎಂದರೇನು?

ಅಡುಗೆ ಪುಸ್ತಕ ಓದಿದರೆ ರೊಟ್ಟಿ ತಟ್ಟಲು ಬರುವುದಿಲ್ಲ. ನರ್ಸಿಂಗ್ ಕೂಡ ಹಾಗೆಯೇ. ಮೊದಲು ಕಾಲೇಜಿನ ಲ್ಯಾಬಿನಲ್ಲಿ ಗೊಂಬೆಯ ಮೇಲೆ ಕಲಿಯುತ್ತಾರೆ. ಆಮೇಲೆ ವಾರ್ಡಿಗೆ ಹೋಗಿ ಹಿರಿಯರು ಮಾಡುವುದನ್ನು ನೋಡುತ್ತಾರೆ. ನಂತರ ಶಿಕ್ಷಕಿ ಪಕ್ಕದಲ್ಲಿ ನಿಂತಿರುವಾಗ ತಾವೇ ಮಾಡುತ್ತಾರೆ. ಮಾಡಿದ್ದನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಬೇಕು. ಇಷ್ಟು ಹೆರಿಗೆ ನೋಡಿರಬೇಕು, ಇಷ್ಟು ತಾವೇ ಮಾಡಿಸಿರಬೇಕು ಎಂಬ ಲೆಕ್ಕವೂ ಇದೆ.

ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಜಿ.ಎನ್.ಎಂ. ಡಿಪ್ಲೊಮಾ ಮೂರು ವರ್ಷ. ಮೊದಲ ವರ್ಷ ಹಾಸಿಗೆ ಹಾಸುವುದು, ಮೈ ಒರೆಸುವುದು, ಜ್ವರ, ನಾಡಿ, ಬಿ.ಪಿ. ನೋಡುವುದು. ಮುಂದೆ ಮೆಡಿಕಲ್ ಮತ್ತು ಸರ್ಜಿಕಲ್ ವಾರ್ಡು, ಆಪರೇಷನ್ ಥಿಯೇಟರ್, ಐ.ಸಿ.ಯು., ಮಕ್ಕಳ ವಾರ್ಡು, ಹೆರಿಗೆ ವಾರ್ಡು. ಮಾನಸಿಕ ರೋಗಿಗಳ ಆರೈಕೆ ಕಲಿಯಲು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂತಹ ಕಡೆಗೆ ಬೇರೆ ಕಾಲೇಜಿನವರೂ ಹೋಗುತ್ತಾರೆ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಹೋಗಬೇಕು. ನಿಮ್ಮ ಮನೆ ಬಾಗಿಲಿಗೆ ಬಂದು ಗರ್ಭಿಣಿಯರ, ಕೂಸುಗಳ ವಿವರ ಬರೆದುಕೊಳ್ಳುವ ಹುಡುಗಿಯರನ್ನು ನೀವು ನೋಡಿರಬಹುದು. ಅದೂ ಪೋಸ್ಟಿಂಗೇ. ಕೊನೆಗೆ ಇಂಟರ್ನ್‌ಶಿಪ್ ಇರುತ್ತದೆ.

ಆಸ್ಪತ್ರೆ ಯಾಕೆ ಮುಖ್ಯ?

ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ಸ್ವಂತ ಆಸ್ಪತ್ರೆ ಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕ ಸಿಗಬೇಕು ಎಂದು ಭಾರತೀಯ ಶುಶ್ರೂಷಾ ಪರಿಷತ್ತು ನಿಯಮ ಮಾಡಿದೆ. ಸ್ವಂತ ಆಸ್ಪತ್ರೆಯಲ್ಲಿ ಎಲ್ಲ ವಿಭಾಗ ಇಲ್ಲದಿದ್ದರೆ ಬೇರೆ ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಳ್ಳುತ್ತಾರೆ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆಗೂ, ಹೆರಿಗೆ ಕಲಿಯಲು ಲೇಡಿ ಗೋಶನ್ ಆಸ್ಪತ್ರೆಗೂ ಖಾಸಗಿ ಕಾಲೇಜಿನ ಮಕ್ಕಳು ಹೋಗುವುದು ಹೀಗೆಯೇ.

ಈ ಲೆಕ್ಕ ಬರೀ ಕಾಗದದ ಲೆಕ್ಕವಲ್ಲ. ಒಂದು ಹಾಸಿಗೆಯ ಸುತ್ತ ಹತ್ತು ಹುಡುಗಿಯರು ನಿಂತರೆ ಒಬ್ಬಳು ಕೆಲಸ ಮಾಡುತ್ತಾಳೆ, ಒಂಬತ್ತು ಜನ ನೋಡುತ್ತಾರೆ. ಹಾಸಿಗೆ ನೂರಿದ್ದು ರೋಗಿಗಳೇ ಇಲ್ಲದಿದ್ದರೂ ಅಷ್ಟೇ. ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಗೆಬಗೆಯ ಕಾಯಿಲೆಯವರು ಬರುತ್ತಾರೆ, ಕಲಿಯಲು ಅವಕಾಶ ಹೆಚ್ಚು. ಆದರೆ ಅಲ್ಲಿ ನಾಲ್ಕೈದು ಕಾಲೇಜಿನವರು ಒಟ್ಟಿಗೆ ಬಂದರೆ ಆ ಅವಕಾಶವೂ ಹಂಚಿಹೋಗುತ್ತದೆ.

ಕಲಿಕೆಯೋ, ದುಡಿಮೆಯೋ?

"ಮಗಳು ಬೆಡ್‌ಪ್ಯಾನ್ ಇಡ್ತಾಳಂತೆ, ಇದಕ್ಕಾ ಓದ್ಸಿದ್ದು?" ಎಂದು ಕೆಲವು ತಾಯಂದಿರು ಬೇಸರ ಮಾಡಿಕೊಳ್ಳುತ್ತಾರೆ. ಬೇಸರ ಬೇಡ. ಮೂತ್ರದ ಬಣ್ಣ, ಬೆನ್ನಿನ ಮೇಲೆ ಶುರುವಾಗುವ ಹುಣ್ಣು, ಉಸಿರಿನ ವೇಗ, ಇವನ್ನೆಲ್ಲ ಮೊದಲು ಗಮನಿಸುವವಳು ಹತ್ತಿರ ನಿಂತು ಆರೈಕೆ ಮಾಡುವ ನರ್ಸ್. ಅದು ಕೀಳು ಕೆಲಸವಲ್ಲ, ಪಾಠ.

ಆದರೆ ದಿನವಿಡೀ ಫೈಲು ಹೊರುವುದು, ಸಿಬ್ಬಂದಿ ಕಡಿಮೆ ಎಂದು ಇಡೀ ವಾರ್ಡನ್ನು ರಾತ್ರಿ ಒಬ್ಬಳ ಮೇಲೆ ಬಿಡುವುದು ಪಾಠವಲ್ಲ. ವ್ಯತ್ಯಾಸ ತಿಳಿಯಲು ಒಂದೇ ಪ್ರಶ್ನೆ ಸಾಕು: "ನಿನಗೆ ಹೇಳಿಕೊಡಲು ಪಕ್ಕದಲ್ಲಿ ಯಾರಿದ್ದರು?" ಮಗಳು ರಜೆಗೆ ಬಂದಾಗ ಅಂಕ ಕೇಳುವ ಮೊದಲು ಇದನ್ನು ಕೇಳಿ.

ಸೂಜಿ ಚುಚ್ಚಿದರೆ

ವಾರ್ಡಿನಲ್ಲಿ ಕಲಿಯುವ ಮಕ್ಕಳಿಗೆ ಅಪಾಯವೂ ಇದೆ. ರೋಗಿಗೆ ಬಳಸಿದ ಸೂಜಿ ಕೈಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಎಚ್.ಐ.ವಿ. ತಗಲುವ ಸಾಧ್ಯತೆ ಇರುತ್ತದೆ. ಹೆಪಟೈಟಿಸ್ ಬಿ ತಡೆಯಲು ಲಸಿಕೆ ಇದೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ವಾರ್ಡಿಗೆ ಹೋಗುವ ಮೊದಲೇ ಶುರು ಮಾಡಿಸಿ.

ಚುಚ್ಚಿದರೆ ಗಾಯವನ್ನು ಹಿಂಡಬಾರದು. ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆದು ತಕ್ಷಣ ಮೇಲಿನವರಿಗೆ ಹೇಳಬೇಕು. ಎಚ್.ಐ.ವಿ. ತಡೆಯುವ ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಮಾಡಬೇಕು. 72 ಗಂಟೆ ದಾಟಬಾರದು. ಅದನ್ನು 28 ದಿನ ತಪ್ಪದೆ ನುಂಗಬೇಕು. ಬೈತಾರೆ ಎಂಬ ಹೆದರಿಕೆಯಿಂದ ಮಕ್ಕಳು ಮುಚ್ಚಿಡುತ್ತಾರೆ. "ಏನಾದ್ರೂ ಆದ್ರೆ ಮುಚ್ಚಿಡಬೇಡ ಮಗಾ" ಎಂದು ಮನೆಯಲ್ಲೇ ಹೇಳಿ ಕಳುಹಿಸಿ.

ನಾವೇ ರೋಗಿಯಾದಾಗ

ನಾಳೆ ನಾವೇ ಆ ಹಾಸಿಗೆಯಲ್ಲಿ ಮಲಗಿದಾಗ ಕಲಿಯುವ ಹುಡುಗಿ ಬಿ.ಪಿ. ನೋಡಲು ಬರುತ್ತಾಳೆ. ನೀವು ವಿದ್ಯಾರ್ಥಿನಿಯಾ, ನಿಮ್ಮ ಮೇಡಂ ಇದ್ದಾರಾ ಎಂದು ಕೇಳುವುದು ತಪ್ಪಲ್ಲ. ಬೇಡ ಅನಿಸಿದರೆ ಬೇಡ ಎನ್ನುವ ಹಕ್ಕೂ ನಮಗಿದೆ. ಆದರೆ ರೇಗಬೇಡಿ. ಅವಳೂ ಯಾವುದೋ ಸಂಘದ ಸಹೋದರಿಯ ಮಗಳಿರಬಹುದು. ನಾವು ಕೈ ಕೊಡದಿದ್ದರೆ ಅವಳು ಕಲಿಯುವುದಾದರೂ ಎಲ್ಲಿ?

ಸಾಲ ತೆಗೆಯುವ ಮುನ್ನ ಕೇಳಬೇಕಾದ್ದು

1. ಕಾಲೇಜಿಗೆ ಈ ವರ್ಷದ ಮಾನ್ಯತೆ ಇದೆಯೇ? ಬಿ.ಎಸ್ಸಿ. ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಪಟ್ಟಿಯಲ್ಲೋ ಬೇರೆ ಮಾನ್ಯ ವಿಶ್ವವಿದ್ಯಾಲಯದಲ್ಲೋ ಹೆಸರಿದೆಯೇ?

2. ಸ್ವಂತ ಆಸ್ಪತ್ರೆ ಯಾವುದು? ಒಮ್ಮೆ ಹೋಗಿ ನೋಡಿ. ಹಾಸಿಗೆಗಳಲ್ಲಿ ರೋಗಿಗಳು ಇದ್ದಾರೆಯೇ?

3. ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯ, ಇವುಗಳ ಪೋಸ್ಟಿಂಗ್ ಎಲ್ಲಿ? ಬಸ್ಸಿನ ಖರ್ಚು ಯಾರದ್ದು?

4. ವಾರ್ಡಿನಲ್ಲಿ ಕಾಲೇಜಿನ ಶಿಕ್ಷಕಿ ಜೊತೆಗಿರುತ್ತಾರೆಯೇ? ರಾತ್ರಿ ಡ್ಯೂಟಿ ಇದ್ದರೆ ಹೋಗಿಬರಲು ವ್ಯವಸ್ಥೆ ಏನು?

5. ಈಗ ಕೊನೆಯ ವರ್ಷದಲ್ಲಿ ಓದುತ್ತಿರುವ ಒಬ್ಬ ಹುಡುಗಿಯ ಜೊತೆ ಮಾತನಾಡಿದ್ದೀರಾ? ಏಜೆಂಟರ ಹತ್ತು ಮಾತಿಗಿಂತ ಅವಳ ಒಂದು ಮಾತು ಮೇಲು.

ಮೂಲ ಅಂಕಪಟ್ಟಿಯನ್ನು ಏಜೆಂಟರ ಕೈಗೆ ಕೊಡಬೇಡಿ, ಝೆರಾಕ್ಸ್ ಕೊಡಿ. ಕಟ್ಟಿದ ಪ್ರತಿ ಹಣಕ್ಕೂ ರಸೀದಿ ಪಡೆಯಿರಿ.

ಸಂಘದ ಸಾಲ ಹತ್ತು ಇಪ್ಪತ್ತು ಹೆಂಗಸರ ಬೆವರಿನ ಉಳಿತಾಯ. ಹಸು ಕೊಳ್ಳುವಾಗ ಹಾಲು ಕರೆದು ನೋಡಿ ಕೊಳ್ಳುತ್ತೇವೆ. ಮಗಳ ಓದಿಗೆ ಸಾಲ ಮಾಡುವಾಗಲೂ ಒಂದು ದಿನ ಬಸ್ಸು ಹತ್ತಿ ಹೋಗಿ ಆಸ್ಪತ್ರೆ ನೋಡಿ ಬರೋಣ. ಒಬ್ಬರೇ ಹೋಗಲು ಸಂಕೋಚವಾದರೆ ಸಂಘದ ಇಬ್ಬರು ಜೊತೆಗೆ ಹೋಗಿ.

ಮುಂದಿನ ಸಭೆಯಲ್ಲಿ ಇದನ್ನು ಓದಿ ಹೇಳಿ, ಚರ್ಚಿಸಿ: ನಮ್ಮ ಊರಿನಿಂದ ನರ್ಸಿಂಗ್ ಓದಿದ ಹೆಣ್ಣುಮಕ್ಕಳು ಯಾರು ಯಾರು? ಅವರಲ್ಲಿ ಒಬ್ಬರನ್ನು ಕರೆಸಿ ಮಾತನಾಡಿಸಬಹುದೇ?